ಮೊಡವೆಯ ಲೆಕ್ಕ

ಮೊಡವೆಗೆ ಮದ್ದು ಹೇಳದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ನೆಗಡಿಯನ್ನು ಬಿಟ್ಟರೆ ಇಷ್ಟು ಮಂದಿ ವೈದ್ಯರಿರುವ ಕಾಯಿಲೆ ಇದೊಂದೇ ಇರಬೇಕು. ನನ್ನ 17ನೆಯ ವಯಸ್ಸಿನಲ್ಲಿ ಅಜ್ಜಿ ಜಾಯಿಕಾಯಿ ತೇಯ್ದು ಹಚ್ಚಿದರು. ಸೋದರತ್ತೆ ರಕ್ತಚಂದನವೇ ಸರಿ ಎಂದರು. ಪಕ್ಕದ ಮನೆಯ ರಾಯರು ಬೋಂಡ ಮೆಲ್ಲುತ್ತಲೇ, ಕರಿದ ತಿಂಡಿ ಬಿಡು ಎಂದು ಉಪದೇಶಿಸಿದರು. ಎಲ್ಲರ ಮಾತನ್ನೂ ಕೇಳಿದೆ. ಕೇಳದೆ ಹೋದದ್ದು ಡಾಕ್ಟರ ಮಾತೊಂದನ್ನೇ.

ಅವರು ಮುಲಾಮು ಬರೆದುಕೊಟ್ಟು, "ರಾತ್ರಿ ಬಟಾಣಿ ಕಾಳಿನಷ್ಟು, ಮುಖಕ್ಕೆಲ್ಲ ತೆಳ್ಳಗೆ. ಮೂರು ತಿಂಗಳು ಬಿಡಬಾರದು" ಎಂದಿದ್ದರು. ಹತ್ತು ದಿನಕ್ಕೆ ಚರ್ಮ ಒಣಗಿ ಉರಿಯತೊಡಗಿತು. ಮೊಡವೆ ಮಾತ್ರ ಅಲುಗಲಿಲ್ಲ. ಹನ್ನೊಂದನೆಯ ದಿನ ಟ್ಯೂಬು ಕಿಟಕಿಯಾಚೆ ಹೋಯಿತು. ಕೆನ್ನೆಯ ಗುಳಿಗಳು ಉಳಿದವು. ಕ್ಷೌರ ಮಾಡಿಕೊಳ್ಳುವಾಗಲೆಲ್ಲ ಬ್ಲೇಡು ಅವುಗಳ ಮುಂದೆ ತಡೆದು ನಿಲ್ಲುತ್ತದೆ.

ಈ ವರ್ಷ ಅಣ್ಣನ ಮಗಳು ನೆಂಟರ ಮದುವೆಗೆ ಬರಲೊಲ್ಲೆನೆಂದು ಕೋಣೆಯ ಬಾಗಿಲು ಹಾಕಿಕೊಂಡಳು. ಡಾಕ್ಟರು ಕೊಟ್ಟ ಅಡಾಪಲೀನ್ ಮುಲಾಮನ್ನು ಎರಡು ವಾರ ಹಚ್ಚಿ, ಉರಿಯೆಂದು ಬಿಟ್ಟು, ಗೆಳತಿ ಹೇಳಿದ ಬಿಳುಪಿನ ಕ್ರೀಮಿಗೆ ಶರಣಾಗಿದ್ದಳು. ಮೊದಮೊದಲು ಮುಖ ನುಣುಪಾಯಿತು. ಅದು ಒಳಗಿದ್ದ ಸ್ಟಿರಾಯ್ಡಿನ ಮಹಿಮೆ. ನಿಲ್ಲಿಸಿದೊಡನೆ ಮುಖ ಕೆಂಪೇರಿ, ಮೊಡವೆ ಇಮ್ಮಡಿಯಾಗಿ ಎದ್ದಿತು.

ಅವಳನ್ನು ಮತ್ತೆ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಬೈಯಲಿಲ್ಲ. ಇಂದು ಕಾಣುವ ಮೊಡವೆ ಕೆಲವು ವಾರಗಳ ಹಿಂದೆಯೇ ಚರ್ಮದೊಳಗೆ ಮೊಳೆತದ್ದು; ಮುಲಾಮು ಮುಖ್ಯವಾಗಿ ತಡೆಯುವುದು ನಾಳೆಯದನ್ನು. ಆದ್ದರಿಂದ ಗುಣ ಕಾಣಲು 8ರಿಂದ 12 ವಾರ ಬೇಕು ಎಂದರು. ಉರಿಯಾದರೆ ದಿನ ಬಿಟ್ಟು ದಿನ ಹಚ್ಚಲಿ, ಬಿಡುವುದು ಬೇಡ ಎಂದರು. ಇಷ್ಟು ಮಾತನ್ನು ಯಾರಾದರೂ ನನಗೆ ಅಂದೇ ಹೇಳಿದ್ದರೆ!

ದಾರಿಯಲ್ಲಿ ಅವಳು ಕೇಳಿದಳು: "ಚಿಕ್ಕಪ್ಪ, ನೀವು ಎಷ್ಟು ದಿನ ಹಚ್ಚಿದ್ರಿ?"

"ಹತ್ತು."

ನನ್ನ ಕೆನ್ನೆಯನ್ನು ಒಮ್ಮೆ ನೋಡಿ ಸುಮ್ಮನಾದಳು.

ಈಗ ಅವರ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಗೀಟು ಬೀಳುತ್ತಿದೆ. ಮೊನ್ನೆ ಹೋದಾಗ ಎಣಿಸಿದೆ. 9 ವಾರದಲ್ಲಿ ನಾಲ್ಕು ರಾತ್ರಿ ಮಾತ್ರ ತಪ್ಪಿದೆ. ಮೊಡವೆ ಪೂರಾ ಹೋಗಿಲ್ಲ. ಆದರೆ ಬಾಗಿಲು ತೆಗೆದವಳು ಅವಳೇ. ಕಾಫಿಯನ್ನೂ ಅವಳೇ ತಂದುಕೊಟ್ಟಳು.