ಕುದಿನೀರಿನ ನಿವಾಸಿಗಳು

ನೀರನ್ನು ಕುದಿಸಿದರೆ ಅದರೊಳಗಿನ ರೋಗಾಣುಗಳು ಸಾಯುತ್ತವೆಂಬುದನ್ನು ಮನೆಮನೆಯವರೂ ಬಲ್ಲರು. ಮೊಟ್ಟೆಯನ್ನು ಬೇಯಿಸಿದಾಗ ಅದರ ಲೋಳೆ ಗಟ್ಟಿಯಾಗುತ್ತದೆ. ಗಟ್ಟಿಯಾದುದು ಮತ್ತೆ ಲೋಳೆಯಾಗದು. ಅತಿಯಾದ ಶಾಖ ತಗುಲಿದಾಗ ಜೀವಕೋಶದ ಪ್ರೋಟೀನುಗಳಿಗೂ ಒದಗುವ ಗತಿ ಇದೇ. ಆದುದರಿಂದ ಸುಡುನೀರಿನಲ್ಲಿ ಜೀವವಿರಲಾರದೆಂದು ಮನುಷ್ಯನು ಗೆರೆಯೆಳೆದನು. ಆದರೆ ಆ ಗೆರೆಗೆ ಪ್ರಕೃತಿಯ ಒಪ್ಪಿಗೆ ಇರಲಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವು ಬಿಸಿನೀರಿನ ಬುಗ್ಗೆಗಳ ಬೀಡು. ಭೂಗರ್ಭದ ಶಾಖದಿಂದ ಕಾದ ನೀರು ಅಲ್ಲಿ ಹಬೆಯಾಡುತ್ತ ಮೇಲೇಳುತ್ತದೆ. ಅದು ಹರಿದುಹೋಗುವ ಕಾಲುವೆಗಳಲ್ಲಿ ಹಳದಿ, ಕಿತ್ತಳೆ, ಹಸಿರು ಬಣ್ಣಗಳು ರತ್ನಗಂಬಳಿಯಂತೆ ಹಾಸಿಕೊಂಡಿರುತ್ತವೆ. ಪ್ರವಾಸಿಗರು ಆ ಸೊಬಗನ್ನು ಕಂಡು, ಮೆಚ್ಚಿ, ಮುಂದೆ ಸಾಗುತ್ತಾರೆ. 1964ರಲ್ಲಿ ಅಲ್ಲಿಗೆ ಹೋದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಅವರು ಮಾತ್ರ ಮುಂದೆ ಸಾಗಲಿಲ್ಲ. ಆ ಬಣ್ಣಗಳೆಲ್ಲ ಕಣ್ಣಿಗೆ ಕಾಣದ ಜೀವಿಗಳ ಹಿಂಡುಗಳು. ಜೀವವು ಎಷ್ಟು ಬಿಸಿಯವರೆಗೆ ಬಾಳಬಲ್ಲದೆಂಬ ಪ್ರಶ್ನೆ ಅವರನ್ನು ಮತ್ತೆ ಮತ್ತೆ ಅಲ್ಲಿಗೆ ಸೆಳೆಯಿತು.

1966ರಲ್ಲಿ ಅವರೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಅಲ್ಲಿನ ಒಂದು ಬುಗ್ಗೆಯಿಂದ ಏಕಕೋಶ ಜೀವಿಯೊಂದನ್ನು ತಂದು ಪ್ರಯೋಗಶಾಲೆಯಲ್ಲಿ ಬೆಳೆಸಿದರು. 1969ರಲ್ಲಿ ಅದಕ್ಕೆ ‘ಥರ್ಮಸ್ ಅಕ್ವಾಟಿಕಸ್’ ಎಂದು ಹೆಸರಿಟ್ಟರು. ಮುಟ್ಟಿದರೆ ಕೈ ಬೊಬ್ಬೆಯೇಳುವ 70 ಡಿಗ್ರಿ ಸೆಲ್ಸಿಯಸ್ ಬಿಸಿಯೇ ಅದಕ್ಕೆ ಹಿತ! ಮನುಷ್ಯನಿಗೆ ಹಿತವಾದ ತಂಪಿನಲ್ಲಿ ಅದು ಬೆಳೆಯಲಾರದು. ಅದರ ಪ್ರೋಟೀನುಗಳ ಮಡಿಕೆಗಳು ಅಷ್ಟು ಬಿಗಿಯಾಗಿರುವುದರಿಂದ ಶಾಖಕ್ಕೆ ಸುಲಭವಾಗಿ ಸಡಿಲವಾಗುವುದಿಲ್ಲ.

ಈ ಅಲ್ಪಜೀವಿಯನ್ನು ತಿಳಿದು ಯಾರಿಗೇನು ಲಾಭವೆಂದು ಆಗ ಯಾರಾದರೂ ಕೇಳಿದ್ದರೆ, ಬ್ರಾಕ್ ಅವರಲ್ಲಿ ಸಿದ್ಧ ಉತ್ತರವಿರುತ್ತಿರಲಿಲ್ಲ. ಉತ್ತರವು ಕಾಲದ ಗರ್ಭದಲ್ಲಿತ್ತು. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ ಡಿಎನ್‌ಎಯ ಒಂದು ತುಣುಕಿನಿಂದ ಕೋಟಿಗಟ್ಟಲೆ ಪ್ರತಿಗಳನ್ನು ಪಡೆಯುವ ಉಪಾಯ ಹೊಳೆಯಿತು. ಡಿಎನ್‌ಎಯ ಎರಡು ಎಳೆಗಳನ್ನು ಬೇರ್ಪಡಿಸಲು ಪ್ರತಿ ಸುತ್ತಿನಲ್ಲಿಯೂ ಅದನ್ನು ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಆ ಬಿಸಿಗೆ, ಪ್ರತಿಯನ್ನು ರಚಿಸುವ ಕಿಣ್ವವೇ ಕೆಟ್ಟುಹೋಗುತ್ತಿತ್ತು. ಸುತ್ತುಸುತ್ತಿಗೂ ಹೊಸದನ್ನು ಬೆರೆಸಬೇಕಾಗುತ್ತಿತ್ತು. ಕೊನೆಗೆ ಆ ಬಿಸಿಯನ್ನು ತಾಳಬಲ್ಲ ಕಿಣ್ವವು ದೊರೆತದ್ದು ಯೆಲ್ಲೊಸ್ಟೋನಿನ ಆ ಜೀವಿಯಲ್ಲಿ. ಈ ವಿಧಾನಕ್ಕಾಗಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

2020ರಲ್ಲಿ ಕೊರೋನ ರೋಗವು ಲೋಕವನ್ನು ಕಂಗೆಡಿಸಿದಾಗ, ಮೂಗಿನಿಂದ ತೆಗೆದ ದ್ರವದಲ್ಲಿ ವೈರಸ್ಸಿನ ಸುಳಿವನ್ನು ಹಿಡಿದುಕೊಟ್ಟದ್ದು ಇದೇ ಬಗೆಯ ಪರೀಕ್ಷೆ. ಯಾವುದೋ ಬುಗ್ಗೆಯ ಬಳಿ ಒಬ್ಬನಲ್ಲಿ ಹುಟ್ಟಿದ ಕುತೂಹಲ, ಅರ್ಧ ಶತಮಾನದ ಬಳಿಕ ಅಸಂಖ್ಯಾತ ರೋಗಿಗಳ ನೆರವಿಗೆ ಬಂದಿತು. ಜ್ಞಾನದ ಬೀಜವನ್ನು ಬಿತ್ತುವವನು ಫಲದ ಲೆಕ್ಕವನ್ನು ಮೊದಲೇ ಹಾಕಲಾರನು. ಬಿತ್ತದೆ ಇದ್ದರೆ ಮಾತ್ರ ಫಲವಿಲ್ಲವೆಂಬುದು ಖಂಡಿತ.