ಪಕ್ಕದ ಎಲೆ

ನಾಲ್ಕು ಜನ ಸೇರಿದಲ್ಲಿಗೆ ಬಾರದವನನ್ನು, ಮದುವೆಯ ಮನೆಯಲ್ಲಿಯೂ ಪುಸ್ತಕ ಹಿಡಿದು ಮೂಲೆ ಸೇರುವವನನ್ನು ಕಂಡರೆ 'ಅವನೊಬ್ಬ ಆಂಟಿಸೋಷಿಯಲ್' ಎಂದುಬಿಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಪಾಪ, ಅವನಿಗೆ ಬೇಕಾದುದು ಕೊಂಚ ಏಕಾಂತ, ಅಷ್ಟೆ. ಮನೋವೈದ್ಯರು 'ಸಮಾಜವಿರೋಧಿ ವ್ಯಕ್ತಿತ್ವದೋಷ' ಎಂದು ಕರೆಯುವುದು ಇವನ ಸ್ವಭಾವವನ್ನಲ್ಲ. ಆ ದೋಷವುಳ್ಳವನು ಎಷ್ಟೋ ವೇಳೆ ಸಭೆಯ ನಟ್ಟನಡುವೆಯೇ ಇರುತ್ತಾನೆ; ನಗುತ್ತಾನೆ, ನಗಿಸುತ್ತಾನೆ; ಹತ್ತು ನಿಮಿಷದಲ್ಲಿ ಹತ್ತು ವರ್ಷದ ಸ್ನೇಹಿತನಂತಾಗುತ್ತಾನೆ. ಅಂಥವನೂ ಒಂಟಿಯಾಗಿರಬಹುದೆಂದರೆ ನಂಬುವುದು ಕಷ್ಟ. ನಂಬಿದರೂ, 'ಇರಲಿ, ಮಾಡಿದ್ದುಣ್ಣೋ ಮಹರಾಯ' ಎನ್ನುವುದು ಸುಲಭ.

ಈ ದೋಷದ ಲಕ್ಷಣಗಳನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಸ್ಪಷ್ಟವಾಗಿ ಪಟ್ಟಿಮಾಡಿತು. ಪರರ ಹಕ್ಕನ್ನು ಲೆಕ್ಕಿಸದಿರುವುದು, ಮತ್ತೆ ಮತ್ತೆ ಸುಳ್ಳಾಡಿ ವಂಚಿಸುವುದು, ದುಡುಕು, ಹೊಣೆಗೇಡಿತನ, ಮಾಡಿದ ಕೇಡಿಗೆ ಮರುಗದಿರುವುದು—ಇವು ಈ ದೋಷದ ಮುಖ್ಯ ಲಕ್ಷಣಗಳು. ಹದಿನೆಂಟು ತುಂಬದವರಿಗೆ ಈ ಹೆಸರನ್ನು ಇಡುವಂತಿಲ್ಲ; ಆದರೆ ಹದಿನೈದು ತುಂಬುವುದಕ್ಕೆ ಮೊದಲೇ ಅದರ ಮೊಳಕೆ ಕಾಣಿಸಿರಬೇಕು. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ಪಟ್ಟಿಯನ್ನು ಓದಿದರೆ ಅಪರಾಧದ ದಾಖಲೆಯನ್ನು ಓದಿದಂತಾಗುತ್ತದೆ. ಅದರಲ್ಲಿ ಒಂಟಿತನಕ್ಕೆ ಎಡೆಯಿಲ್ಲ.

ಇಂಥವರ ಒಂದು ಬಗೆಯನ್ನು ಕುರಿತು ಹರ್ವಿ ಕ್ಲೆಕ್ಲಿ ಎಂಬ ಅಮೆರಿಕದ ವೈದ್ಯರು 1941ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರು 'ದಿ ಮಾಸ್ಕ್ ಆಫ್ ಸ್ಯಾನಿಟಿ'. ಸ್ವಸ್ಥತೆಯ ಮುಖವಾಡ ಎಂದು ಅರ್ಥ. ಮುಖವಾಡವೆಂದೊಡನೆ ನನಗೆ ನಮ್ಮ ಯಕ್ಷಗಾನದ ವೇಷಧಾರಿ ನೆನಪಾಗುತ್ತಾನೆ. ಇರುಳೆಲ್ಲ ರಾಕ್ಷಸನಾಗಿ ಅಬ್ಬರಿಸಿದವನು ಬೆಳಗಿನ ಜಾವ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ. ಮನೆಗೆ ಹೋದರೆ ಮಕ್ಕಳು ಗುರುತು ಹಿಡಿಯುತ್ತಾರೆ. ಬಣ್ಣ ತೆಗೆಯಲು ಚೌಕಿಯೇ ಇಲ್ಲದವನ ಗತಿಯೇನು? ಅವನಿಗೆ ಬಂದ ಮೆಚ್ಚುಗೆಯೆಲ್ಲ ವೇಷಕ್ಕೆ ಸಲ್ಲುತ್ತದೆ, ಅವನಿಗಲ್ಲ. ಸುಳ್ಳಾಡುವವನ ದೊಡ್ಡ ಶಿಕ್ಷೆ, ಅವನನ್ನು ಯಾರೂ ನಂಬದಿರುವುದಲ್ಲ. ಅವನು ಯಾರನ್ನೂ ನಂಬಲಾರದಿರುವುದು. ಜಗತ್ತೆಲ್ಲ ತನ್ನಂತೆಯೇ ಎಂದು ಬಗೆದವನಿಗೆ ಜಗತ್ತಿನಲ್ಲಿ ಗೆಳೆಯನೆಲ್ಲಿ ಸಿಕ್ಕಾನು?

ನಮ್ಮ ಬಂಧುವರ್ಗದಲ್ಲಿ ಒಬ್ಬರಿದ್ದರು. ಅವರಿಗೆ ಯಾವ ವೈದ್ಯರೂ ಈ ಹೆಸರಿಟ್ಟಿರಲಿಲ್ಲ. ವೈದ್ಯರ ಬಳಿಗೆ ಅವರು ಹೋದವರೂ ಅಲ್ಲ. ಆದರೆ ಅವರ ಮಾತಿಗೆ ಮರುಳಾಗಿ ಹಣ ಕಳೆದುಕೊಳ್ಳದ ಮನೆ ನಮ್ಮಲ್ಲಿ ಒಂದೂ ಇರಲಿಲ್ಲ. ಸಿಕ್ಕಿಬಿದ್ದಾಗಲೂ ಅವರ ಮುಖದಲ್ಲಿ ಅಳುಕು ಕಂಡುದಿಲ್ಲ. ಒಮ್ಮೆ ಒಂದು ಮದುವೆಗೆ ಅವರು ಕರೆಯದೆಯೇ ಬಂದರು. ಮಂಗಳಕಾರ್ಯ, ಹೋಗೆನ್ನುವವರು ಯಾರು? ಪಂಕ್ತಿಯಲ್ಲಿ ಅವರು ಕುಳಿತರು. ಪಕ್ಕದ ಎಲೆಗೆ ಮಾತ್ರ ಯಾರೂ ಬರಲಿಲ್ಲ. ತಿಳಿಯದ ಮಗುವೊಂದು ಓಡಿಬಂದು ಅಲ್ಲಿ ಕುಳಿತಿತು. ಅದರ ತಾಯಿ ಕಣ್ಸನ್ನೆ ಮಾಡಿ ಎದುರು ಪಂಕ್ತಿಗೆ ಕರೆದುಕೊಂಡಳು. ಬಡಿಸುವ ಹುಡುಗ ಆ ಎಲೆಯನ್ನು ದಾಟಿ ಮುಂದೆ ಹೋಗುತ್ತಿದ್ದಾಗ ಅವರು, 'ಇದಕ್ಕೂ ಬಡಿಸಪ್ಪ, ಯಾರೋ ಬರುತ್ತಾರೆ' ಎಂದರು. ಹುಡುಗ ಬಡಿಸಿದ. ಯಾರೂ ಬರಲಿಲ್ಲ.

ಆ ತಾಯಿಯದು ತಪ್ಪೆಂದು ನಾನು ಹೇಳಲಾರೆ. ಅವಳ ಎರಡು ಬಳೆಗಳು ಅವರ ಕೈಯಿಂದಲೇ ಗಿರವಿ ಅಂಗಡಿಯನ್ನು ಸೇರಿದ್ದುವು. ಆದರೆ ಆ ಮಾತನ್ನು ವಂಚನೆಯ ಲೆಕ್ಕಕ್ಕೆ ಸೇರಿಸುವುದು ನನ್ನಿಂದಾಗಲಿಲ್ಲ. ಅದರಿಂದ ಅವರಿಗೆ ದಕ್ಕುವುದೇನೂ ಇರಲಿಲ್ಲ.

ಇಂಥವರಿಗೆ ನೋವೇ ಇಲ್ಲ, ಅವರ ಎದೆ ಬರಿಯ ಕಲ್ಲು ಎಂಬ ಮಾತನ್ನು ಪ್ರಶ್ನಿಸಿದವರಲ್ಲಿ ಜಾರ್ಜ್ ವೇಯ್ಲಂಟ್ ಎಂಬ ಮನೋವೈದ್ಯರು ಒಬ್ಬರು. 1975ರ ಒಂದು ಲೇಖನದಲ್ಲಿ ಅವರು ಹೇಳಿದ್ದರ ಸಾರವಿಷ್ಟು: ಈ ಜನ ತಮ್ಮ ನೋವಿನಿಂದ ಸದಾ ಓಡುತ್ತಿರುತ್ತಾರೆ, ಆದ್ದರಿಂದಲೇ ಅದು ನಮಗೆ ಕಾಣುವುದಿಲ್ಲ, ಓಡಲು ದಾರಿಯಿಲ್ಲದಂತೆ ಒಂದೆಡೆ ನಿಲ್ಲಿಸಿದರೆ ಒಳಗಿನ ಆತಂಕ, ವಿಷಾದಗಳು ಮೇಲೆ ಬರುತ್ತವೆ. ಊರು ಬಿಡುವುದು, ಕೆಲಸ ಬಿಡುವುದು, ಕುಡಿತ, ಹೊಸ ಹೊಸ ಸ್ನೇಹ, ಇವೆಲ್ಲ ಓಟದ ಬಗೆಗಳೇ. ಎಲ್ಲರಲ್ಲಿಯೂ ಹೀಗೆಂದು ಸಾಧಿಸಬೇಕಿಲ್ಲ. ಕೆಲವರಲ್ಲಿ ಹೀಗಿದ್ದರೂ ಸಾಕು, ಕಲ್ಲೆಂಬ ಮಾತನ್ನು ನಾವು ಹಿಂತೆಗೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಕ್ಷಮಿಸಿ ಬೀಗದ ಕೈಯನ್ನು ಕೊಟ್ಟುಬಿಡೋಣವೇ? ಕೂಡದು. ಹೊಡೆತ ತಿಂದ ಹೆಂಡತಿ, ಮಗನ ಹೆಸರೆತ್ತಲು ನಾಚುವ ತಂದೆ, ಇವರ ಒಂಟಿತನ ಅವನದಕ್ಕಿಂತ ಕಡಿಮೆಯದೇನಲ್ಲ. ಅದನ್ನು ತಂದವನು ಅವನೇ. ಮನೆಯವರ ರಕ್ಷಣೆ ಮೊದಲು. ಆದರೆ ಬಾಗಿಲಿಗೆ ಬೀಗ ಹಾಕುವುದು ಬೇರೆ, 'ಅವನು ಮನುಷ್ಯನೇ ಅಲ್ಲ' ಎನ್ನುವುದು ಬೇರೆ. ಈ ದೋಷವನ್ನೇ ಅಳಿಸುವ ಮದ್ದು ಇಲ್ಲದಿದ್ದರೂ ಜೊತೆಗೂಡುವ ಕುಡಿತಕ್ಕೆ, ಖಿನ್ನತೆಗೆ ಚಿಕಿತ್ಸೆಯುಂಟು. ವಯಸ್ಸು ನಲವತ್ತು ದಾಟಿದ ಮೇಲೆ ಹಲವರಲ್ಲಿ ಉಗ್ರತೆ ತಗ್ಗುವುದೂ ಉಂಟು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯಕ್ಕೆ ಬಂದಿದ್ದ 524 ಮಕ್ಕಳ ಮುಂದಿನ ಬಾಳನ್ನು ಲೀ ರಾಬಿನ್ಸ್ ಎಂಬಾಕೆ ಮೂವತ್ತು ವರ್ಷಗಳ ತರುವಾಯ ಪರೀಕ್ಷಿಸಿ 1966ರಲ್ಲಿ ಗ್ರಂಥವೊಂದನ್ನು ಹೊರತಂದರು. ಕೆಟ್ಟ ವಯಸ್ಕರ ಬಾಲ್ಯದಲ್ಲಿ ಕೇಡಿನ ಗುರುತುಗಳಿದ್ದುವು, ನಿಜ. ಆದರೆ ಪುಂಡ ಮಕ್ಕಳೆಲ್ಲರೂ ಕೆಟ್ಟವರಾಗಿ ಬೆಳೆಯಲಿಲ್ಲ. ತರಗತಿಯ ಕೊನೆಯ ಬೆಂಚಿಗೆ ಖಾಯಂ ಆಗಿ ತಳ್ಳಲ್ಪಟ್ಟ ಹುಡುಗನನ್ನು ಕಂಡಾಗ ನಾವು, ಅಧ್ಯಾಪಕರೂ ತಾಯಿತಂದೆಯರೂ, ನೆನೆಯಬೇಕಾದ ಮಾತಿದು.

ಅಂಗುಲಿಮಾಲನ ಕಥೆ ನಮಗೆಲ್ಲ ಗೊತ್ತು. ಅವನಿದ್ದ ದಾರಿಯಲ್ಲಿ ಹತ್ತಾರು ಜನ ಗುಂಪುಗೂಡಿ ಹೋದರೂ ಉಳಿಯುತ್ತಿರಲಿಲ್ಲ. ಬುದ್ಧ ಒಬ್ಬನೇ ಹೋದ, ಅವನನ್ನು ಗೆದ್ದ. ಕಥೆಯನ್ನು ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತೇವೆ. ಮುಂದಿನ ಭಾಗವೊಂದುಂಟು: ಭಿಕ್ಷುವಾದ ಅಂಗುಲಿಮಾಲ ಶ್ರಾವಸ್ತಿಗೆ ಭಿಕ್ಷೆಗೆ ಹೋದಾಗ ಕಲ್ಲು ದೊಣ್ಣೆಗಳ ಪೆಟ್ಟು ತಿಂದು, ತಲೆಯೊಡೆದು, ಹರಿದ ಬಟ್ಟೆಯಲ್ಲಿ ಹಿಂದಿರುಗುತ್ತಾನೆ. ಬುದ್ಧ ಊರವರನ್ನು ಬಯ್ಯಲಿಲ್ಲ. ಇದು ನಿನ್ನ ಕರ್ಮದ ಫಲ, ಸಹಿಸು ಎಂದ. ಆದರೆ ಅವನನ್ನು ಸಂಘದಿಂದ ಹೊರಗೆ ಕಳಿಸಲೂ ಇಲ್ಲ. ಪೆಟ್ಟು ತಿಂದವನಿಗೆ ಹಿಂದಿರುಗಿ ಬರಲು ಒಂದು ಎಡೆಯಿತ್ತು.