ಮೊದಲ ಅವಧಿಯ ಕೊನೆಯ ವಾರಗಳು

ಬೆಂಗಳೂರಿನ ಸುಂಕದಕಟ್ಟೆಯ ಶಾಲೆಗಳಲ್ಲಿ ಮೊದಲ ಅವಧಿ ಮುಗಿಯುವುದು ದಸರೆಯ ಹೊಸ್ತಿಲಲ್ಲಿ. ಮೇ ತಿಂಗಳ ಕೊನೆಗೆ ಮುಂಗಾರಿನೊಂದಿಗೆ ಶುರುವಾದ ಪಾಠಗಳು ಸೆಪ್ಟೆಂಬರ್ ಹೊತ್ತಿಗೆ ಒಂದು ಘಟ್ಟ ಮುಟ್ಟುತ್ತವೆ. ಪೋರ್ಷನ್ ಮುಗಿಸುವುದು, ರಿವಿಷನ್, ಪರೀಕ್ಷೆ, ವಸ್ತುಪ್ರದರ್ಶನ, ಪೋಷಕರ ಸಭೆ ಎಲ್ಲವೂ ಕೊನೆಯ ಕೆಲವೇ ವಾರಗಳಲ್ಲಿ ಒತ್ತೊತ್ತಾಗಿ ಬರುತ್ತವೆ. ಮಗು ಈ ಅರ್ಧ ವರ್ಷದಲ್ಲಿ ಏನು ಕಲಿಯಿತು ಎಂಬುದು ಮಗುವಿಗೂ ಶಿಕ್ಷಕರಿಗೂ ಮನೆಯವರಿಗೂ ತಿಳಿಯಬೇಕು. ಇಷ್ಟೆಲ್ಲ ಓಡಾಟ ನಡೆಯುವುದು ಅದಕ್ಕಾಗಿ. ಮೂವರಲ್ಲಿ ಮನೆಯವರಿಗೆ ತಿಳಿಯುವುದೇ ಎಲ್ಲಕ್ಕಿಂತ ಕಷ್ಟ. ಹಾಗಾಗಿ ಒಂದು ಶಾಲೆಯ ಅವಧಿ ಚೆನ್ನಾಗಿ ಮುಗಿಯಿತೇ ಎಂದು ಅಳೆಯಬೇಕಾದದ್ದೂ ಅಲ್ಲಿಯೇ.

ಮಾಗಡಿ ರಸ್ತೆಯಲ್ಲಿ ಹೊರವರ್ತುಲ ರಸ್ತೆಯ ಸುಮನಹಳ್ಳಿ ಜಂಕ್ಷನ್ ದಾಟಿದ ಮೇಲೆ ಸಿಗುವ ಬಡಾವಣೆ ಸುಂಕದಕಟ್ಟೆ. ಒಂದು ಬದಿಗೆ ಹೆಗ್ಗನಹಳ್ಳಿ, ಲಗ್ಗೆರೆ, ಅದರಾಚೆ ಪೀಣ್ಯದ ಕಾರ್ಖಾನೆಗಳು. ಮುಂದೆ ಹೇರೋಹಳ್ಳಿ, ಬ್ಯಾಡರಹಳ್ಳಿ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು, ಲೇತ್ ಮಷೀನಿನ ಮುಂದೆ ನಿಲ್ಲುವ, ಆಟೊ ಓಡಿಸುವ, ಅಂಗಡಿ ಇಟ್ಟುಕೊಂಡ ತಂದೆಯರು ಇಲ್ಲಿ ಬಹಳ. ಮಾಗಡಿ, ಕುಣಿಗಲ್, ತುಮಕೂರು ಕಡೆಯಿಂದ ಬಂದು ನೆಲೆಸಿದವರ ಜೊತೆಗೆ ಉತ್ತರ ಕರ್ನಾಟಕದವರೂ ನೆರೆರಾಜ್ಯಗಳವರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಮೊದಲ ತಲೆಮಾರು ಈ ಮಕ್ಕಳದ್ದೇ. ಸಂಬಳದ ದೊಡ್ಡ ಪಾಲನ್ನು ಶುಲ್ಕಕ್ಕೆ ಎತ್ತಿಟ್ಟು ಮಕ್ಕಳನ್ನು ಓದಿಸುವ ಈ ತಂದೆತಾಯಿಗಳಿಗೆ, ಮಗು ಏನು ಕಲಿಯುತ್ತಿದೆ ಎಂದು ಕೇಳುವ ಹಕ್ಕು ಪೂರ್ತಿಯಾಗಿ ಇದೆ.

ಪಶ್ಚಿಮ ಬೆಂಗಳೂರಿನ ಬಹಳ ಶಾಲೆಗಳ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಮಾತು ಸೇರಿರುತ್ತದೆ. ಆದರೆ ಹೆಸರಿನಿಂದ ಪಠ್ಯಕ್ರಮ ತಿಳಿಯುವುದಿಲ್ಲ. ಅಂಥ ಹೆಸರಿನ ಶಾಲೆ ರಾಜ್ಯ ಪಠ್ಯಕ್ರಮದ್ದಾಗಿರಬಹುದು, ಸಿಬಿಎಸ್‌ಇ ಅಥವಾ ಐಸಿಎಸ್‌ಇ ಆಗಿರಬಹುದು. ಹೊರದೇಶದ ಮಂಡಳಿಗಳಿಗೆ ಸೇರಿದ ಶಾಲೆಗಳು ಬೇರೆಯೇ ಒಂದು ವರ್ಗ. 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ ಐಬಿ ಸಂಸ್ಥೆಯ ಕಾರ್ಯಕ್ರಮಗಳನ್ನೋ ಕೇಂಬ್ರಿಡ್ಜ್‌ನ ಐಜಿಸಿಎಸ್‌ಇಯನ್ನೋ ಅವು ನಡೆಸುತ್ತವೆ. ಅವುಗಳಲ್ಲಿ ಹಲವಕ್ಕೆ ವರ್ಷ ಆರಂಭವಾಗುವುದು ಆಗಸ್ಟ್‌ನಲ್ಲಿ, ಮೊದಲ ಸೆಮಿಸ್ಟರ್ ಮುಗಿಯುವುದು ಡಿಸೆಂಬರ್‌ನಲ್ಲಿ. ಶಾಲೆಗೆ ಯಾವ ಮಂಡಳಿಯ ಮಾನ್ಯತೆ ಇದೆ, ಎಷ್ಟನೆಯ ತರಗತಿಯವರೆಗೆ ಇದೆ ಎಂಬುದನ್ನು ದಾಖಲಾತಿಗೆ ಮುಂಚೆಯೇ ಕಾಗದದಲ್ಲಿ ನೋಡಿಕೊಳ್ಳಬೇಕು. ಮಾನ್ಯತೆ ಪಡೆದ ಪ್ರತಿ ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆ ಇರುತ್ತದೆ. ಕೇಳಿದರೆ ಕಚೇರಿಯವರು ಕೊಡಬೇಕಾದ ಮಾಹಿತಿ ಅದು.

ರಾಜ್ಯದ ವೇಳಾಪಟ್ಟಿ ಪಾಲಿಸುವ ಶಾಲೆಗಳಲ್ಲಿ ವರ್ಷಕ್ಕೆ ಎರಡು ಅವಧಿ. 2024-25ರಲ್ಲಿ ಮೊದಲ ಅವಧಿ ಮೇ 29ರಿಂದ ಅಕ್ಟೋಬರ್ 2ರವರೆಗೆ ನಡೆಯಿತು. 3ರಿಂದ 20ರವರೆಗೆ ದಸರಾ ರಜೆ. ಎರಡನೆಯ ಅವಧಿ ಅಕ್ಟೋಬರ್ 21ರಿಂದ ಏಪ್ರಿಲ್ 10ರವರೆಗೆ. ದಸರೆಯ ದಿನಾಂಕ ಹಿಂದೆ ಮುಂದೆ ಸರಿದಂತೆ ಈ ಗಡಿಯೂ ಸರಿಯುತ್ತದೆ. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದ್ದರಿಂದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಹೀಗೆ ದಿನಗಳು ಕಡಿಮೆಯಾದ ವರ್ಷದಲ್ಲಿ ಎರಡನೆಯ ಅವಧಿಯ ಪಾಠಗಳ ಮೇಲೆ ಒತ್ತಡ ಬೀಳುತ್ತದೆ. ಮೊದಲ ಅವಧಿಯಲ್ಲಿ ಅರ್ಧಂಬರ್ಧ ಉಳಿದ ಪಾಠ ಆಮೇಲೆ ಕೈಗೆ ಸಿಗುವುದು ಕಷ್ಟ.

ಅವಧಿಯ ಕೊನೆಯ ಮೊದಲ ಕೆಲಸ ಮೌಲ್ಯಮಾಪನ. ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಮಕ್ಕಳ ಬಾಯಲ್ಲಿ ಅವು ಎಫ್‌ಎ, ಎಸ್‌ಎ. ದಸರೆಗೆ ಮುಂಚೆ ಎರಡು ಎಫ್‌ಎ, ಒಂದು ಎಸ್‌ಎ ಮುಗಿದಿರಬೇಕು. ಎಫ್‌ಎಯಲ್ಲಿ ಕಿರು ಪರೀಕ್ಷೆಯ ಜೊತೆಗೆ ಚಟುವಟಿಕೆ, ಪ್ರಾಜೆಕ್ಟ್, ಓದುವುದು, ಮಾತನಾಡುವುದು ಸೇರುತ್ತವೆ; ಎಸ್‌ಎ ಅಷ್ಟೂ ತಿಂಗಳ ಪಾಠಗಳ ಮೇಲಿನ ಪರೀಕ್ಷೆ. ಸಿಬಿಎಸ್‌ಇಯ ಒಂಬತ್ತು, ಹತ್ತನೆಯ ತರಗತಿಗಳಲ್ಲಿ 80 ಅಂಕ ವಾರ್ಷಿಕ ಪರೀಕ್ಷೆಗೆ, 20 ಅಂಕ ಶಾಲೆಯ ಒಳಗಿನ ಮೌಲ್ಯಮಾಪನಕ್ಕೆ. ಆ 20 ಅಂಕ ಐದೈದರಂತೆ ನಿಯತಕಾಲಿಕ ಪರೀಕ್ಷೆ, ಬಹುವಿಧ ಮೌಲ್ಯಮಾಪನ, ಪೋರ್ಟ್‌ಫೋಲಿಯೊ, ವಿಷಯ ಸಂವರ್ಧನೆಯ ಚಟುವಟಿಕೆಗಳಿಗೆ ಹಂಚಿಹೋಗುತ್ತವೆ.

ಈ ಪದ್ಧತಿಯ ಹಿಂದೆ ಒಂದು ಕಾನೂನಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ, ಮಗುವಿನ ತಿಳಿವಳಿಕೆಯನ್ನು ವರ್ಷವಿಡೀ ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಎನ್ನುತ್ತದೆ. ವರ್ಷದ ಕೊನೆಯ ಒಂದೇ ಪರೀಕ್ಷೆಯ ಭಯದಿಂದ ಮಗುವನ್ನು ಬಿಡಿಸುವುದು ಅದರ ಆಶಯ. ಕರ್ನಾಟಕದಲ್ಲಿ ಈ ಆಲೋಚನೆ ಇನ್ನೂ ಹಳೆಯದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ, ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಎಲ್ಲಿ ನಿಂತಿದೆ ಎಂಬುದು ಗೋಡೆಗೆ ತೂಗುಹಾಕಿದ ಪಟದಲ್ಲಿ ಮಗುವಿಗೇ ಕಾಣುತ್ತದೆ. ಹೆಚ್ಚು ಶುಲ್ಕದ ಶಾಲೆಗಳು ಇಂದು ಹೊಸತೆಂದು ಹೇಳಿಕೊಳ್ಳುವ ಎಷ್ಟೋ ಚಟುವಟಿಕೆಗಳನ್ನು ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಮೂರು ದಶಕಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಇದನ್ನು ನೆನೆಯುವುದು ನ್ಯಾಯ.

ಅಂಕಗಳಲ್ಲಿ ಕಾಣದ ಕಲಿಕೆ ವಸ್ತುಪ್ರದರ್ಶನದಲ್ಲಿ ಕಾಣಬೇಕು. ಸೆಪ್ಟೆಂಬರ್‌ನಲ್ಲಿ ಸುಂಕದಕಟ್ಟೆಯ ಸ್ಟೇಷನರಿ ಅಂಗಡಿಗಳಲ್ಲಿ ಚಾರ್ಟ್ ಪೇಪರ್, ಥರ್ಮಾಕೋಲ್, ಬಣ್ಣದ ಕಾಗದ, ಗೋಂದು ಕೇಳುವವರೇ ಹೆಚ್ಚು. ಜ್ವಾಲಾಮುಖಿ, ಮಳೆನೀರು ಕೊಯ್ಲು, ಸೌರಮಂಡಲ, ಮಣ್ಣಿನ ಪದರಗಳು, ಸಂಚಾರ ದೀಪ ಇವು ಪ್ರತಿ ವರ್ಷ ಬರುವ ಮಾದರಿಗಳು. ಮಾದರಿ ಎಷ್ಟು ಚೆಂದವಾಗಿದೆ ಎಂಬುದಕ್ಕಿಂತ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ದೊಡ್ಡದು. ಕೆಲಸದಿಂದ ದಣಿದು ಬಂದ ತಾಯಿ ರಾತ್ರಿ ಹನ್ನೊಂದರವರೆಗೆ ಕತ್ತರಿಸಿ ಅಂಟಿಸಿದ ಮಾದರಿಯಲ್ಲಿ ಮಗುವಿನ ಕಲಿಕೆ ಇಲ್ಲ. ಸೊಟ್ಟಗೆ ಅಂಟಿಸಿದ್ದರೂ ಮಗುವೇ ಮಾಡಿದ ಮಾದರಿಗೆ ಹೆಚ್ಚಿನ ಗೌರವ ಸಲ್ಲಬೇಕು. ಒಳ್ಳೆಯ ಶಿಕ್ಷಕಿ ಪ್ರಾಜೆಕ್ಟನ್ನು ತರಗತಿಯಲ್ಲೇ, ಹಳೆಯ ರಟ್ಟು, ಬಾಟಲಿ, ಬಟ್ಟೆ ತುಂಡುಗಳಲ್ಲಿ ಮಾಡಿಸುತ್ತಾಳೆ. ಖರ್ಚೂ ಉಳಿಯುತ್ತದೆ, ಮಗುವಿನ ಕೈಗೆ ಕೆಲಸವೂ ಬರುತ್ತದೆ. ಐಬಿ ಶಾಲೆಗಳ ಪ್ರಾಥಮಿಕ ಹಂತದ ಕೊನೆಯ ವರ್ಷದಲ್ಲಿ ಮಕ್ಕಳು ತಾವೇ ಒಂದು ಸಮಸ್ಯೆ ಆರಿಸಿ, ವಾರಗಟ್ಟಲೆ ಕೆದಕಿ, ಎಲ್ಲರ ಮುಂದೆ ಮಂಡಿಸುವ ಪ್ರದರ್ಶನ ನಡೆಯುತ್ತದೆ. ಅದರ ತಿರುಳು ಯಾವ ಶಾಲೆಗೂ ನಿಲುಕುವಂಥದ್ದು: ಪ್ರಶ್ನೆ ಮಗುವಿನದಾಗಿರಬೇಕು, ಉತ್ತರವನ್ನು ಮಗುವೇ ಹುಡುಕಿರಬೇಕು.

ಹುಡುಕಲು ಸುಂಕದಕಟ್ಟೆಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಒಂದೇ ಪ್ರಶ್ನೆ ಮಾಗಡಿ ರಸ್ತೆಯ ದಾರಿಯಾಗಿ ತಿಪ್ಪಗೊಂಡನಹಳ್ಳಿಯವರೆಗೆ ಕರೆದೊಯ್ಯುತ್ತದೆ. ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ 1930ರ ದಶಕದಲ್ಲಿ ಸಿದ್ಧವಾದ ಚಾಮರಾಜಸಾಗರ ಬೆಂಗಳೂರಿಗೆ ದಶಕಗಳ ಕಾಲ ನೀರು ಕೊಟ್ಟಿತು. 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂದ ಮೇಲೆ, ಅರ್ಕಾವತಿ ಸೊರಗಿ ಕೊಳಕಾದ ಮೇಲೆ, ಅದರ ಪಾತ್ರ ಕುಗ್ಗಿತು. ಭೂಗೋಳ, ವಿಜ್ಞಾನ, ಚರಿತ್ರೆ ಮೂರೂ ಈ ಒಂದು ಪಾಠದಲ್ಲಿವೆ. ಇದೇ ರಸ್ತೆಯ ಮೇಲೆ ಹೊಸಹಳ್ಳಿಯಿಂದ ಕಡಬಗೆರೆಗೆ 12.5 ಕಿಲೋಮೀಟರ್ ಮೆಟ್ರೊ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಸುಂಕದಕಟ್ಟೆಯೂ ಆ ಮಾರ್ಗದಲ್ಲಿದೆ. ರಸ್ತೆಯಲ್ಲಿ ಒಂದು ಗಂಟೆಗೆ ಎಷ್ಟು ಬಸ್, ಎಷ್ಟು ಬೈಕ್ ಹೋಗುತ್ತವೆ ಎಂದು ಎಣಿಸಿ ನಕ್ಷೆ ಬರೆದ ಏಳನೆಯ ತರಗತಿಯ ಮಗುವಿಗೆ ಅಂಕಿ ಅಂಶದ ಪಾಠ ಮರೆಯುವುದಿಲ್ಲ.

ಶೈಕ್ಷಣಿಕ ಪ್ರವಾಸಕ್ಕೂ ಮಾಗಡಿಯ ಈ ದಿಕ್ಕು ಅನುಕೂಲ. ರಾಮೋಹಳ್ಳಿ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹರಡಿಕೊಂಡಿದೆ. ಮೂಲ ಕಾಂಡ ರೋಗದಿಂದ ಹೋದ ಮೇಲೂ ಬಿಳಲುಗಳೇ ಕಾಂಡವಾಗಿ ಮರವನ್ನು ಹೊತ್ತಿವೆ. ಬಿಳಲು ಎಂದರೇನು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವುದಕ್ಕಿಂತ ಅಲ್ಲಿ ನಿಲ್ಲಿಸಿ ಮುಟ್ಟಿಸುವುದು ಮೇಲು. ಇನ್ನೂ ಮುಂದೆ ಹೋದರೆ ಸಾವನದುರ್ಗದ ಏಕಶಿಲಾ ಬೆಟ್ಟ, ಕೆಂಪೇಗೌಡರ ವಂಶದವರು ಆಳಿದ ಮಾಗಡಿ. ನಗರದೊಳಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, 1989ರಿಂದ ನಡೆಯುತ್ತಿರುವ ನೆಹರು ತಾರಾಲಯ. ಮನರಂಜನಾ ಪಾರ್ಕಿಗೆ ಕರೆದೊಯ್ಯುವುದು ಮಕ್ಕಳಿಗೆ ಖುಷಿಯೇ. ಆದರೆ ಟಿಕೆಟ್ಟಿನ ಹಣ ಹೊಂದಿಸಲಾಗದೆ ನಾಲ್ಕು ಮಕ್ಕಳು ಮನೆಯಲ್ಲೇ ಉಳಿಯುವ ಪ್ರವಾಸವನ್ನು ಶಾಲೆಯ ಪ್ರವಾಸ ಎನ್ನಲಾಗದು. ಎಲ್ಲ ಮಕ್ಕಳೂ ಹೋಗಬಲ್ಲ ಕಡೆಗೆ, ಬುತ್ತಿ ಕಟ್ಟಿಕೊಂಡು ಹೋಗಿ ಬರುವುದೇ ಸರಿ.

ಫಲಿತಾಂಶದ ಜೊತೆಗೆ ಬರುವುದು ಪೋಷಕರ ಸಭೆ. ಸಾಮಾನ್ಯವಾಗಿ ಅದು ಶನಿವಾರ ಬೆಳಗ್ಗೆ. ಪಾಳಿಯಲ್ಲಿ ದುಡಿಯುವವರಿಗೆ ಅರ್ಧ ದಿನದ ಸಂಬಳ ಬಿಟ್ಟು ಬರಬೇಕಾಗುತ್ತದೆ. ಹಾಗೆ ಬಂದವರು ಎರಡು ನಿಮಿಷ ನಿಂತು, ‘ಹುಡುಗ ಚುರುಕು, ಆದರೆ ಗಮನ ಸಾಲದು’ ಎಂಬ ಮಾತು ಕೇಳಿ, ಸಹಿ ಹಾಕಿ ಹೊರಟರೆ ಆ ಅರ್ಧ ದಿನ ವ್ಯರ್ಥ. ಮಗು ಯಾವ ಪಾಠದಲ್ಲಿ ಎಡವುತ್ತಿದೆ, ಮನೆಯಲ್ಲಿ ಏನು ಮಾಡಿದರೆ ಅನುಕೂಲ, ಕನ್ನಡಕ ಬೇಕಾಗಿರಬಹುದೇ, ಗೆಳೆಯರೊಡನೆ ಹೇಗಿದೆ ಎಂಬ ಖಚಿತವಾದ ಮಾತು ಬೇಕು. ಆ ಮಾತು ಮನೆಯವರ ಭಾಷೆಯಲ್ಲಿರಬೇಕು. ಇಂಗ್ಲಿಷ್ ಬಾರದ ತಾಯಿ ಶಾಲೆಯ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕೂರುವಂತಾದರೆ ಸೋತದ್ದು ಶಾಲೆ. ಕೆಲವು ಶಾಲೆಗಳು ಈ ಸಭೆಯನ್ನು ಮಕ್ಕಳ ಕೈಗೇ ಒಪ್ಪಿಸುತ್ತವೆ: ಮಗು ತನ್ನ ನೋಟ್‌ಪುಸ್ತಕ, ಚಿತ್ರ, ಪ್ರಾಜೆಕ್ಟುಗಳನ್ನು ಅಪ್ಪ ಅಮ್ಮನ ಮುಂದೆ ಹರಡಿ, ಇದು ಬರುತ್ತದೆ, ಇದು ಇನ್ನೂ ಬರುವುದಿಲ್ಲ ಎಂದು ತಾನೇ ವಿವರಿಸುತ್ತದೆ. ಇಂಗ್ಲಿಷ್‌ನಲ್ಲಿ ಕಲಿತ ಭಿನ್ನರಾಶಿಯನ್ನು ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಮಗುವಿಗೆ ಭಿನ್ನರಾಶಿ ನಿಜವಾಗಿಯೂ ಅರ್ಥವಾಗಿದೆ.

ಹಾಗಾಗಿ ಈ ಶಾಲೆಗಳಲ್ಲಿ ಕನ್ನಡದ ಪಾಠಕ್ಕೆ ಕಾನೂನಿನ ಒತ್ತಾಯವನ್ನು ಮೀರಿದ ಕಾರಣವಿದೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಂತೆ ರಾಜ್ಯದ ಶಾಲೆಗಳು, ಮಂಡಳಿ ಯಾವುದೇ ಇರಲಿ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ತರಗತಿಯ ಕಲಿಕೆ ಮನೆಯೊಳಕ್ಕೆ ಬರಲು ಮಗುವಿಗೆ ಈ ಭಾಷೆ ಗಟ್ಟಿಯಾಗಿ ಬೇಕು. ಮನೆಮಾತು ತಮಿಳೋ ತೆಲುಗೋ ಉರ್ದುವೋ ಆಗಿದ್ದರೆ ಆ ಮಾತಿನಲ್ಲೂ ಹೇಳಲು ಮಗುವಿಗೆ ಧೈರ್ಯ ಕೊಡಬೇಕು.

ರಜೆ ಮುಗಿದು ಬಾಗಿಲು ತೆರೆದ ಮೇಲೆ ಮುಂದಿನ ಕಾರ್ಯಕ್ರಮಗಳು ಸಾಲಾಗಿ ಬರುತ್ತವೆ. ಮೊದಲನೆಯದು ನವೆಂಬರ್ 1ರ ರಾಜ್ಯೋತ್ಸವ. 1956ರಲ್ಲಿ ರಾಜ್ಯ ಒಂದಾದ ದಿನ ಅದು. 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದದ್ದೂ ಅದೇ ದಿನ. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಸಂಗೊಳ್ಳಿ ರಾಯಣ್ಣರ ವೇಷದ ಪುಟಾಣಿಗಳು ಅಂದು ಶಾಲೆ ತುಂಬುತ್ತಾರೆ. ಬಾಡಿಗೆಗೆ ತಂದ ಖಡ್ಗದ ಜೊತೆಗೆ ಆ ವೀರರ ಕಥೆಯೂ ಮಗುವಿಗೆ ತಿಳಿದಿರಬೇಕು. ನವೆಂಬರ್ 14ಕ್ಕೆ ಮಕ್ಕಳ ದಿನಾಚರಣೆ. ಅದರ ಆಸುಪಾಸಿನಲ್ಲೇ ಪ್ರತಿಭಾ ಕಾರಂಜಿ: ಶಾಲೆಯಲ್ಲಿ ಗೆದ್ದವರು ಕ್ಲಸ್ಟರಿಗೆ, ಅಲ್ಲಿಂದ ತಾಲ್ಲೂಕು, ಜಿಲ್ಲೆ, ರಾಜ್ಯದ ಹಂತಗಳಿಗೆ ಹೋಗುತ್ತಾರೆ. ಕಂಠಪಾಠ, ಕಥೆ ಹೇಳುವುದು, ಜಾನಪದ ನೃತ್ಯ, ಮಣ್ಣಿನ ಮಾದರಿ ಇಂಥ ಸ್ಪರ್ಧೆಗಳಲ್ಲಿ, ಪರೀಕ್ಷೆಯಲ್ಲಿ ಹಿಂದೆ ಉಳಿದ ಮಗು ಮುಂದೆ ಬಂದು ನಿಲ್ಲುವುದುಂಟು.

ಮಳೆ ನಿಂತ ಡಿಸೆಂಬರ್‌ನಲ್ಲಿ ಕ್ರೀಡಾಕೂಟ. ಸ್ವಂತ ಮೈದಾನವಿಲ್ಲದ ಶಾಲೆಗಳು ಹತ್ತಿರದ ಬಯಲು ಹುಡುಕುತ್ತವೆ. ಕೆಂಪು, ನೀಲಿ, ಹಸಿರು, ಹಳದಿ ಹೌಸ್‌ಗಳ ಮಾರ್ಚ್ ಪಾಸ್ಟ್, ಚಿಕ್ಕವರಿಗೆ ಲಿಂಬೆಹಣ್ಣು-ಚಮಚದ ಓಟ, ದೊಡ್ಡವರಿಗೆ ಕಬಡ್ಡಿ, ಖೋ ಖೋ, ಥ್ರೋಬಾಲ್. ಗಣಿತಜ್ಞ ರಾಮಾನುಜನ್ ಹುಟ್ಟಿದ ಡಿಸೆಂಬರ್ 22 ಗಣಿತ ದಿನ. ಆಮೇಲೆ ಶಾಲಾ ವಾರ್ಷಿಕೋತ್ಸವ. ಕೋಲಾಟ, ಡೊಳ್ಳು ಕುಣಿತ, ಕಂಸಾಳೆಗಳಿಗೆ ವಾರಗಟ್ಟಲೆ ಅಭ್ಯಾಸ ನಡೆಯುತ್ತದೆ. ಒಂದು ಮಗುವೂ ವೇದಿಕೆ ಹತ್ತದೆ ಉಳಿಯಬಾರದು ಎಂಬ ನಿಯಮ ಇಟ್ಟುಕೊಂಡ ಶಾಲೆಯ ವಾರ್ಷಿಕೋತ್ಸವ ಉದ್ದವಾಗುತ್ತದೆ, ನಿಜ. ಆದರೆ ಸಭೆಯಲ್ಲಿ ಕೂತ ಪ್ರತಿ ಮನೆಗೂ ನೋಡಲು ಒಂದು ಮುಖವಿರುತ್ತದೆ. ಜನವರಿಯಲ್ಲಿ ಸಂಕ್ರಾಂತಿಯ ಎಳ್ಳು ಬೆಲ್ಲ, 26ರ ಗಣರಾಜ್ಯೋತ್ಸವ. ಫೆಬ್ರವರಿ 28 ವಿಜ್ಞಾನ ದಿನ. 1928ರ ಅದೇ ದಿನ ಕಲ್ಕತ್ತೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದ ಸಿ. ವಿ. ರಾಮನ್, ಮಾರ್ಚ್ 16ರಂದು ಅದನ್ನು ವಿಜ್ಞಾನಿಗಳ ಸಭೆಗೆ ವಿವರಿಸಿದ್ದು ಬೆಂಗಳೂರಿನಲ್ಲಿ. ಇದನ್ನು ಈ ಊರಿನ ಮಕ್ಕಳಿಗೆ ಹೇಳಲೇಬೇಕು.

ಹತ್ತನೆಯ ತರಗತಿಯವರಿಗೆ ಎರಡನೆಯ ಅವಧಿ ಬೇರೆಯೇ ಆಗಿರುತ್ತದೆ. ಪೂರ್ವಸಿದ್ಧತಾ ಪರೀಕ್ಷೆಗಳು, ವಿಶೇಷ ತರಗತಿಗಳು, ಬೀಳ್ಕೊಡುಗೆ, ಹಾಲ್ ಟಿಕೆಟ್, ಕೊನೆಗೆ 625 ಅಂಕಗಳ ಎಸ್‌ಎಸ್‌ಎಲ್‌ಸಿ. 2023-24ರಿಂದ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಸಿಬಿಎಸ್‌ಇ ಕೂಡ 2026ರಿಂದ ಹತ್ತನೆಯ ತರಗತಿಗೆ ಎರಡು ಅವಕಾಶ ಕೊಟ್ಟಿದೆ. ಒಮ್ಮೆ ಎಡವಿದರೆ ಬಾಳೇ ಮುಗಿಯಿತು ಎಂಬ ಹಳೆಯ ಭಯಕ್ಕೆ ಇನ್ನು ಆಧಾರವಿಲ್ಲ. ಇದನ್ನು ಮಕ್ಕಳಿಗೆ ಹೇಳಿದಷ್ಟೇ ಸ್ಪಷ್ಟವಾಗಿ ಮನೆಯವರಿಗೂ ಹೇಳಬೇಕು. ಉಳಿದ ತರಗತಿಗಳಿಗೆ ಮಾರ್ಚ್‌ನಲ್ಲಿ ಎರಡನೆಯ ಎಸ್‌ಎ, ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ ಮತ್ತು ವರ್ಷದ ಕೊನೆಯ ಪೋಷಕರ ಸಭೆ. ದಸರೆಗೆ ಮುಂಚಿನ ಸಭೆಯಲ್ಲಿ ಗುರುತಿಸಿದ ಕೊರತೆ ಅಷ್ಟರಲ್ಲಿ ನೀಗಿದೆಯೇ ಎಂದು ಅಲ್ಲಿ ಮೊದಲು ನೋಡಬೇಕು. ನೀಗಿದ್ದರೆ ಎರಡು ಅವಧಿಗಳ ದುಡಿಮೆಯೂ ಸಾರ್ಥಕ. ನೀಗದಿದ್ದರೆ ಮುಂದಿನ ತರಗತಿಯ ಶಿಕ್ಷಕರಿಗೆ ಅದನ್ನು ಬರೆದು ತಿಳಿಸಿಯೇ ವರ್ಷವನ್ನು ಮುಗಿಸಬೇಕು.